ಕುಡಿಯದವರ ವೈನರಿ

ಲಾಕ್‌ಡೌನ್ ಆದ ವರ್ಷದ ಬೇಸಿಗೆಯಲ್ಲಿ ನಮ್ಮ ತೋಟದ ದ್ರಾಕ್ಷಿ ಕೊಳ್ಳಲು ಯಾರೂ ಬರಲಿಲ್ಲ. ಎಲ್ಲ ಶುರುವಾದದ್ದು ಅಲ್ಲಿಂದ. ಒಬ್ಬರೂ ಕುಡಿಯದ ಮನೆಯವರು ವೈನ್ ಮಾಡಲು ಹೊರಟರೆ ಇಂಥವು ಆಗುತ್ತಲೇ ಇರುತ್ತವೆ.

೧. ಒಣದ್ರಾಕ್ಷಿ

ಮೊದಲ ಯೋಜನೆ ಒಣದ್ರಾಕ್ಷಿ. ಅದು ನನ್ನದು, ಆಗಷ್ಟೇ ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮುಗಿಸಿದ್ದೆ. ಬಿಸಿಲಿನ ತಾಪ, ಗಾಳಿಯ ತೇವ ಎಲ್ಲ ಅಳೆದು ಗೊಂಚಲುಗಳನ್ನು ಹರವಿದೆ. ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಒಂದನ್ನೇ: ತೋಟ ಇರುವುದು ಗಾದಿಗನೂರಿನ ಹತ್ತಿರ, ಸಂಡೂರಿನ ಕಬ್ಬಿಣದ ಅದಿರಿನ ಲಾರಿಗಳು ಧೂಳೆಬ್ಬಿಸಿ ಓಡಾಡುವ ರಸ್ತೆಯ ಪಕ್ಕ. ದ್ರಾಕ್ಷಿ ಒಣಗಿತು. ಜೊತೆಗೆ ಇಟ್ಟಿಗೆಯ ಬಣ್ಣವೂ ಬಂತು.

ಅಜ್ಜಿ ಒಂದನ್ನು ಬಾಯಿಗೆ ಹಾಕಿಕೊಂಡು ಕರಕರ ಅಗಿದರು.

"ಒಗೀಬ್ಯಾಡ್ರಿ. ಮೈಯಾಗ ರಕ್ತ ಕಮ್ಮಿ ಇದ್ದೋರಿಗೆ ಕೊಡ್ರಿ."

೨. ಟ್ಯಾಂಕು

"ಹಂಗಾದ್ರ ವೈನ್ ಮಾಡೋಣ" ಎಂದೆ.

ನಮ್ಮದು ವಿಭೂತಿ ಹಚ್ಚದೆ ಚಹಾ ಕೂಡ ಕುಡಿಯದ ಮನೆ. ಎಲ್ಲರೂ ದೊಡ್ಡಪ್ಪನ ಮುಖ ನೋಡಿದರು. ಮನೆಗೆ ಹಿರಿಯರು ಅವರು. ಅವರದೇ ಕೊನೆಯ ಮಾತು.

"ಒಂದ್ ಸಲ ಮಾಡಿ ನೋಡು. ಕೆಟ್ರ ಬಳ್ಳಿ ಕಿತ್ತು ಬಾಳಿ ಹಚ್ಚೋದು."

ಆ ಬಳ್ಳಿಗಳನ್ನು ಅಪ್ಪ ಕೈಯಾರೆ ನೆಟ್ಟು ಬೆಳೆಸಿದ್ದರು. ಅವರು ಅರ್ಧ ಊಟಕ್ಕೇ ಎದ್ದರು.

ಲೈಸೆನ್ಸ್ ಬರುವಷ್ಟರಲ್ಲಿ ಮುಂದಿನ ಬೆಳೆ ಕೈಗೆ ಬಂದಿತ್ತು. ಶೆಡ್ಡಿನ ಸ್ಟೀಲ್ ಟ್ಯಾಂಕಿನಲ್ಲಿ ರಸಕ್ಕೆ ಹುದುಗು ಬರತೊಡಗಿತು. ಗುಳುಗುಳು ಸದ್ದಿಗೆ ಅಜ್ಜಿ ಕಿವಿಗೊಟ್ಟರು.

"ಒಳಗ ಜೀವ ಐತಿ."

"ಅದು ಈಸ್ಟ್ ಅಜ್ಜಿ."

"ಏನರ ಇರಲಿ" ಎಂದು ಟ್ಯಾಂಕಿಗೆ ಮೂರೆಳೆ ವಿಭೂತಿ ಎಳೆದು, ಹೂ ಏರಿಸಿ, ಊದುಬತ್ತಿ ಹಚ್ಚಿದರು.

ಮರುದಿನ ಅಬಕಾರಿ ಅಧಿಕಾರಿ ತಪಾಸಣೆಗೆ ಬಂದರು. ಬಾಗಿಲಲ್ಲೇ ಬೂಟು ಬಿಚ್ಚಿದರು. ಕೈ ಮುಗಿದು ಒಂದು ಸುತ್ತು ಹಾಕಿದರು. ಆಮೇಲೆ ನನ್ನನ್ನು ಕೇಳಿದರು:

"ಗುಡಿ ಚೊಲೋ ಮಾಡೀರಿ. ವೈನ್ ಟ್ಯಾಂಕ್ ಎಲ್ಲೈತ್ರಿ?"

೩. ರುಚಿ

ವೈನ್ ತಯಾರಾಯಿತು. ಆಲ್ಕೋಹಾಲ್, ಆಮ್ಲ, ಉಳಿದ ಸಕ್ಕರೆ ಎಲ್ಲ ಅಳೆದೆ. ಎಲ್ಲ ಸರಿಯಾಗಿತ್ತು.

"ರುಚಿ ಹೆಂಗೈತಿ?" ಎಂದರು ಅಮ್ಮ.

"ಅದಕ್ಕ ಮೀಟರ್ ಇಲ್ಲಮ್ಮ."

ಜನ್ಮದಲ್ಲಿ ಮೊದಲ ಸಲ ನಾಲಿಗೆಗೆ ಹಚ್ಚಿಕೊಂಡೆ. ಹುಳಿ, ಒಗರು. ಮುಖ ಕಿವುಚಿದೆ. ಕೆಟ್ಟಿದೆ ಎಂದು ವೈಜ್ಞಾನಿಕವಾಗಿ ಘೋಷಿಸಿದೆ. ಅಪ್ಪ ತೋಟದ ಕಡೆ ಹೋಗಿ ಬಳ್ಳಿಗಳ ನಡುವೆ ಕೂತರು. ದೊಡ್ಡಪ್ಪ ಬಾಳೆಗಿಡ ತರಿಸಲೆಂದು ಫೋನ್ ಮಾಡಲು ಹೊರಟವರು ಅಪ್ಪನನ್ನು ನೋಡಿ ನಿಂತರು.

"ತಿಳಿದೋರಿಗೆ ಒಮ್ಮೆ ತೋರ್ಸೋಣ. ಆದ್ರ ನಮ್ಮ ಬಳಗದಾಗ ಕುಡಿಯೋರು ಯಾರದಾರ?"

ಯಾರೂ ಇರಲಿಲ್ಲ. ಆದರೂ ಭಾನುವಾರ ಬಳಗವನ್ನು ಊಟಕ್ಕೆ ಕರೆದರು. ಹೋಳಿಗೆ ಊಟವಾದ ಮೇಲೆ ಸ್ಟೀಲ್ ಲೋಟಗಳಲ್ಲಿ ವೈನ್ ಇಟ್ಟೆ. ಗಂಡಸರೆಲ್ಲ ಹಾವು ಕಂಡಂತೆ ಹಿಂದೆ ಸರಿದರು.

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಸೋದರಮಾವ ಹೇಳಿದರು: "ನಾ ಇದನ್ನ ಮುಟ್ಟಂಗಿಲ್ಲ. ನಿನ್ ಸಲುವಾಗಿ ಬರೇ ವಾಸನಿ ನೋಡ್ತೀನವ್ವ."

ನೋಡಿದರು. ಲೋಟವನ್ನು ಮೆಲ್ಲಗೆ ತಿರುಗಿಸಿದರು. ಗುಟುಕರಿಸಿ, ಬಾಯಲ್ಲೇ ಆಡಿಸಿ, ಕಣ್ಣು ಮುಚ್ಚಿ ನುಂಗಿದರು.

"ಕೆಟ್ಟಿಲ್ಲ. ಹೊಸಾದು ಹಿಂಗ ಇರತೈತಿ. ಆರು ತಿಂಗಳು ಬಿಟ್ರ ಒಗರು ಇಳೀತೈತಿ."

"ಅದು ನಿಮಗ ಹೆಂಗ ಗೊತ್ತು?" ಎಂದರು ಅವರ ಹೆಂಡತಿ, ನಮ್ಮತ್ತೆ.

"ಪೇಪರ್‌ನಾಗ ಓದಿದ್ದೆ."

ಸಂಡೂರಿನ ಚಿಕ್ಕಪ್ಪನೂ ಪೇಪರ್ ಓದುವವರು. "ಲೋಟದಾಗ ಕೊಡಬಾರದು ತಂಗಿ, ಗಾಜಿನ ಗ್ಲಾಸ್ ಬೇಕು. ಸ್ವಲ್ಪ ತಣ್ಣಗಿರಬೇಕು. ಖಾರದ ಶೇಂಗಾ ಐತೇನು?" ಉಳಿದವರೂ ಒಬ್ಬೊಬ್ಬರಾಗಿ ಖಾತ್ರಿ ಮಾಡಿಕೊಳ್ಳಲು ಮುಂದೆ ಬಂದರು. ಒಂದು ಲೋಟಕ್ಕೆ ಖಾತ್ರಿಯಾಗದವರು ಇನ್ನೊಂದು ಕೇಳಿದರು.

ದೊಡ್ಡಪ್ಪ ಎಲ್ಲರನ್ನೂ ಒಮ್ಮೆ ನೋಡಿ ಅಪ್ಪನ ಕಡೆ ತಿರುಗಿದರು.

"ಬಳ್ಳಿ ಇರಲಿ ಬಿಡು. ಮಂದಿ ಭಾಳ ಪೇಪರ್ ಓದ್ತಾರ."

ಎಲ್ಲರೂ ಹೋದ ಮೇಲೆ ಎಣಿಸಿದೆ. ಬಂದಿದ್ದ ಗಂಡಸರು ಒಂಬತ್ತು. ಕುಡಿಯುವವರು ಸೊನ್ನೆ. ಖಾಲಿ ಬಾಟಲಿ ಹನ್ನೊಂದು.