ಬೆಳ್ಳಿಯ ಪಾದಕ್ಕೊಂದು ಜಾಗ

ಎಲ್ಲಿಡಬೇಕೆಂದು ತಿಳಿಯದ ವಸ್ತು ಪ್ರತಿ ಮನೆಯಲ್ಲೂ ಒಂದಾದರೂ ಇರುತ್ತದೆ. ಬಿಸಾಡಲು ಮನಸ್ಸು ಬಾರದು, ಕಣ್ಣೆದುರು ಇಟ್ಟುಕೊಳ್ಳಲು ಧೈರ್ಯ ಸಾಲದು. ನಮ್ಮ ಅತ್ತೆಯವರಿಗೆ ಮಾವನವರ ಹಲ್ಲಿನ ಸೆಟ್ಟು ಹಾಗಿತ್ತು. ಮಾವನವರು ತೀರಿಕೊಂಡ ಮೇಲೆ ಅದು ಬೀರುವಿನಲ್ಲಿ ಕೆಲವು ದಿನ, ದೇವರ ಗೂಡಿನಲ್ಲಿ ಕೆಲವು ದಿನ ಇದ್ದು, ಕೊನೆಗೆ ಉಪ್ಪಿನಕಾಯಿ ಭರಣಿಯ ಹಿಂದೆ ನೆಲೆಸಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಭರಣಿ ತೆಗೆಯಲು ಹೋಗಿ ಅದಕ್ಕೆ ಕೈ ಹಾಕಿ ಕಿರುಚಿದ್ದು ಹರಿಹರದ ನಮ್ಮ ಬೀದಿಗೆಲ್ಲ ಕೇಳಿಸಿತಂತೆ. ಆಮೇಲೆ ಎಷ್ಟೋ ದಿನ ನೆನೆದು ನೆನೆದು ನಕ್ಕಿದ್ದೆ. ನನ್ನ ಪಾಲಿಗೂ ಅಂಥದೊಂದು ಬರುತ್ತದೆಂದು ಆಗ ತಿಳಿದಿರಲಿಲ್ಲ. ಬಂತು. ಹೆಬ್ಬೆರಳಿನಷ್ಟು ಉದ್ದದ ಒಂದು ಬೆಳ್ಳಿಯ ಪಾದ.

ನನ್ನ ಮಗಳು ಗಿರಿಜೆಗೆ ಪೋಲಿಯೋ ಬಂದು ಎಡಗಾಲು ಸೋತಿತ್ತು. ದಾವಣಗೆರೆಯಲ್ಲಿ, ನನ್ನ ತವರಾದ ನಿಟ್ಟುವಳ್ಳಿಯ ಅಮ್ಮನ ಗುಡಿಯಲ್ಲಿ ಹರಕೆ ಹೊತ್ತೆ: ಮಗು ನಡೆದರೆ ಬೆಳ್ಳಿಯ ಪಾದ ಒಪ್ಪಿಸುತ್ತೇನೆ, ತಾಯಿ. ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಗಿರಿಜೆ ಗೋಡೆ ಹಿಡಿದುಕೊಂಡು ನಡುಮನೆಯಿಂದ ಅಡುಗೆಮನೆಯವರೆಗೆ ಬಂದು, "ಅವ್ವಾ, ನಾನೇ ಬಂದೆ" ಅಂದಳು. ಕೈಹಿಟ್ಟನ್ನೂ ಸರಿಯಾಗಿ ತೊಳೆಯದೆ ಬೆಳ್ಳಿ ಅಂಗಡಿಗೆ ಓಡಿದವಳು ನಾನು. ಪಾದ ತಯಾರಾಗಿ ಮನೆಗೆ ಬರುವಷ್ಟರಲ್ಲಿ ಮಗುವಿಗೆ ಜ್ವರ ಹಿಡಿದಿತ್ತು. ಜ್ವರ ಇಳಿಯಲಿಲ್ಲ. ನಮ್ಮ ಗಿರಿಜೆ ಹೋಗಿಬಿಟ್ಟಳು.

ಸೂತಕ ಕಳೆದ ಮೇಲೆ ಪಾದ ತೆಗೆದುಕೊಂಡು ಗುಡಿಗೆ ಹೋದೆ. ಪೂಜಾರಪ್ಪ ಒಳ್ಳೆಯ ಮನುಷ್ಯ, ಬಹಳ ಹೊತ್ತು ಯೋಚಿಸಿದರು. "ನಡೆದ್ರೆ ಅಂತ ಹೇಳ್ಕೊಂಡಿದ್ರಿ. ಗೋಡಿ ಹಿಡ್ಕಂಡು ಬಂದಿದ್ದು ನಡಿಗಿ ಅಂತೀರೋ, ಅಲ್ಲ ಅಂತೀರೋ ತಾಯಿ? ಹರಕೆ ತೀರಿಲ್ಲ ಅಂದ್ರ ಅಮ್ಮ ತಗಳಂಗಿಲ್ಲ" ಎಂದರು. ಅತ್ತೆಯವರು, "ನಡೆದಂಗೇ ಲೆಕ್ಕ, ಕೊಟ್ಟು ಬಾ" ಎಂದರು. ಪಕ್ಕದ ಮನೆಯ ಫಾತಿಮಾಬಿ ಮಾತ್ರ, "ಸುಮ್ನ ಇಟ್ಕೊಳ್ರಿ ಅಕ್ಕಾ. ಅದೇನು ಅನ್ನ ಕೇಳ್ತೈತಾ?" ಎಂದಳು. ಇಟ್ಟುಕೊಂಡೆ, ಅಡುಗೆಮನೆಯ ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ. ಅಲುಗಿಸಿದರೆ ಟಣ್ ಎನ್ನುತ್ತಿತ್ತು. ಹಲ್ಲಿನ ಸೆಟ್ಟಿಗೆ ನಕ್ಕವಳಿಗೆ ತಕ್ಕ ಶಾಸ್ತಿ.

ಕೆಲವು ವರ್ಷ ಕಳೆಯಿತು, ಅತ್ತೆಯವರೂ ತೀರಿಕೊಂಡರು. ನಮ್ಮನೆಯವರಿಗೆ ಕಾರ್ಖಾನೆಯಿಂದ ಗ್ರೀಸ್ ದೇಶದಲ್ಲಿ ಮೂರು ತಿಂಗಳು ಮಿಷನ್ ಕೂರಿಸುವ ಕೆಲಸ ಬಂತು. ಒಬ್ಬಳೇ ಮನೆಯಲ್ಲಿ ಗೋಡೆ ನೋಡುತ್ತಾ ಕೂರುತ್ತಾಳೆಂದು ನನ್ನನ್ನೂ ಹೊರಡಿಸಿದರು. ಒಡವೆಗಳನ್ನು ಫಾತಿಮಾಬಿಯ ಕೈಗೆ ಕೊಟ್ಟೆ. ಪಾದವನ್ನು ಕೊಡಲಾಗಲಿಲ್ಲ. ಸೊಂಟದ ಚೀಲದಲ್ಲಿ ಅದು, ಟ್ರಂಕಿನಲ್ಲಿ ಚಟ್ನಿಪುಡಿ ಮತ್ತು ಒಂದು ಮೂಟೆ ಮಂಡಕ್ಕಿ. ಅಥೆನ್ಸಿನ ವಿಮಾನ ನಿಲ್ದಾಣದ ಅಧಿಕಾರಿ ಆ ಮಂಡಕ್ಕಿಗೆ ಕೈ ಹಾಕಿ, ಹಿಡಿಯಷ್ಟು ತೆಗೆದು ಮೂಸಿ, ಬಾಯಿಗೆ ಹಾಕಿಕೊಂಡು, ನಮ್ಮ ಬಡತನಕ್ಕೆ ಮರುಗಿದವನಂತೆ ಬಿಟ್ಟುಬಿಟ್ಟ. ಒಗ್ಗರಣೆ ಹಾಕುವ ಮುಂಚೆ ತಿಂದನಲ್ಲ, ಪಾಪ!

ನಾವು ಬಾಡಿಗೆಗಿದ್ದ ಮನೆಯೊಡತಿ ಎಲೆನಾ. ನನಗೆ ಎಲೆನಮ್ಮ. ಸದಾ ಕಪ್ಪು ಬಟ್ಟೆ ಉಡುವ ವಿಧವೆ. ಅವಳ ಮುರುಕು ಇಂಗ್ಲಿಷನ್ನು ನಮ್ಮನೆಯವರ ಕಾರ್ಖಾನೆಯ ಇಂಗ್ಲಿಷು ಹೇಗೋ ಹಿಡಿದುಕೊಳ್ಳುತ್ತಿತ್ತು. ನಾನು ದಿನವೂ ದೀಪ ಹಚ್ಚುವುದನ್ನು ಕಂಡ ಆಕೆ, ಒಂದು ಭಾನುವಾರ ನಮ್ಮಿಬ್ಬರನ್ನು ಹಡಗು ಹತ್ತಿಸಿ ಟಿನೋಸ್ ಎಂಬ ದ್ವೀಪಕ್ಕೆ ಕರೆದೊಯ್ದಳು.

ಎಂಥ ಊರದು! ಸುಣ್ಣ ಬಳಿದ ಬಿಳಿ ಮನೆಗಳು, ನೀಲಿಯಲ್ಲಿ ಅದ್ದಿದ ಬಟ್ಟೆಯಂಥ ಸಮುದ್ರ, ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕಾದಂಥ ಗಾಳಿ. ಗುಡ್ಡದ ಹಳ್ಳಿಗಳಲ್ಲಿ ಪಾರಿವಾಳಗಳಿಗೆಂದೇ ಕಟ್ಟಿದ ಕಲ್ಲಿನ ಮನೆಗಳಿದ್ದವು. ಗೋಡೆಯ ತುಂಬ ಸೂರ್ಯನ, ಹೂವಿನ ಆಕಾರದ ಕಿಂಡಿಗಳು. "ನೋಡೇ, ನಮಗ ನಿಮ್ಮಪ್ಪನ ಮನ್ಯಾಗ ಗಾಳಿಗೆ ಒಂದು ಕಿಟಕಿ ಇಲ್ಲ, ಇಲ್ಲಿ ಪಾರಿವಾಳಕ್ಕ ಐತೆ" ಎಂದರು ನಮ್ಮನೆಯವರು. ತವರನ್ನು ಹಂಗಿಸಲು ಇವರಿಗೆ ಯಾವ ದೇಶವಾದರೂ ಸರಿ.

ಬಂದರಿನಿಂದ ದೊಡ್ಡ ಇಗರ್ಜಿಗೆ ಒಂದೇ ನೇರ ಏರುದಾರಿ. ಆ ದಾರಿಯಲ್ಲಿ ಹೆಂಗಸರು ಮಂಡಿಗೆ ಬಟ್ಟೆ ಕಟ್ಟಿಕೊಂಡು ತೆವಳುತ್ತಾ ಹತ್ತುತ್ತಿದ್ದರು. ನಾನು ನಿಂತುಬಿಟ್ಟೆ. ನಮ್ಮನೆಯವರೂ ತಗ್ಗಿದ ದನಿಯಲ್ಲಿ, "ಏ, ಇದೇನು ಉಚ್ಚಂಗಮ್ಮನ ಗುಡ್ಡಕ್ಕ ಬಂದಂಗಾತಲ್ಲೇ" ಎಂದರು. ಒಳಗೆ ಹೋದರೆ, ಮೇರಿ ತಾಯಿಯ ಪಟ ಕಾಣದ ಹಾಗೆ ಒಡವೆ ಹೊದಿಸಿದ್ದಾರೆ. ತಲೆಯ ಮೇಲೆ ನೋಡಿದರೆ ದೀಪಗಳ ಜೊತೆ ಬೆಳ್ಳಿಯ ಹಡಗು, ಬೆಳ್ಳಿಯ ಮನೆ, ಬೆಳ್ಳಿಯ ತೊಟ್ಟಿಲು. ಪಕ್ಕದಲ್ಲಿ ಸಾಲುಸಾಲಾಗಿ ಕಣ್ಣು, ಕೈ, ಪಾದ.

ನನ್ನ ಕೈ ಸೊಂಟಕ್ಕೆ ಹೋಯಿತು.

"ತೆಗಿ" ಎಂದರು ನಮ್ಮನೆಯವರು.

"ಏನನ್ನ?"

"ನಂಗ ಗೊತ್ತಿಲ್ಲೇನು? ವಿಮಾನದಾಗೂ ಮುಟ್ಟಿ ಮುಟ್ಟಿ ನೋಡ್ತಿದ್ದಿ."

ತೆಗೆದೆ. ಆದರೆ ಕೊಡಲು ಕೈ ಬರಲೊಲ್ಲದು. "ನಿಟ್ಟುವಳ್ಳಿ ಅಮ್ಮಂಗೆ ಅಂತ ಹೇಳ್ಕೊಂಡಿದ್ದು. ಇಲ್ಲಿ ಕೊಟ್ರೆ ಆಕಿ ಏನಂದ್ಕೊಂತಾಳೋ" ಎಂದೆ.

"ಹರಿಹರದಾಕಿ ಆಗಿ ಹಿಂಗಂತೀಯಲ್ಲ. ನಮ್ಮೂರ ಗುಡ್ಯಾಗ ಒಂದ ಮೂರ್ತ್ಯಾಗ ಇಬ್ರು ದೇವರು ಜಗಳಿಲ್ದಂಗ ನಿಂತಾರ. ಹೆಂಗಸ್ರು ಹೆಂಗಸ್ರು ಹೊಂದಿಕೊಂತಾರ ಬಿಡು" ಎಂದರು. ನಗಿಸಲು ಹೇಳಿದ ಮಾತು. ಆಡಿದವರು ಮಾತ್ರ ತಲೆಯೆತ್ತಿ ಬೆಳ್ಳಿಯ ತೊಟ್ಟಿಲನ್ನು ನೋಡುತ್ತಿದ್ದರು.

ಎಲೆನಮ್ಮ ಪಾದವನ್ನು ನೋಡಿ, ಮಗುವಾ ಎಂದು ಕೈಸನ್ನೆಯಲ್ಲಿ ಕೇಳಿದಳು. ಗಿರಿಜೆಯ ಎತ್ತರವನ್ನು ನೆಲದಿಂದ ಕೈಯೆತ್ತಿ ತೋರಿಸಿದೆ. ಆಮೇಲೆ ಅಂಗೈ ಬಿಚ್ಚಿ ಬರಿಗೈ ತೋರಿಸಿದೆ. ಅವಳು ಒಂದು ಸಣ್ಣ ಬೆಳ್ಳಿಯ ದೋಣಿಯತ್ತ ಬೆರಳು ಮಾಡಿ ಏನೋ ಹೇಳಿದಳು. "ಆಕಿ ಗಂಡ ಸಮುದ್ರಕ್ಕ ಹೋದಾಂವ ತಿರುಗಿ ಬರ್ಲಿಲ್ಲಂತ. ಬರ್ಲಿಲ್ಲ ಅಂತ ಗೊತ್ತಾದ ಮ್ಯಾಲೇ ತಂದು ಕಟ್ಟಿದ್ದಂತ" ಎಂದರು ನಮ್ಮನೆಯವರು.

ಕೊಟ್ಟೆ. ಹರಕೆಯ ಬೆಳ್ಳಿ ಕಟ್ಟುವ ಮುದುಕ ಹರಕೆ ತೀರಿತೇ ಎಂದು ಕೇಳಲಿಲ್ಲ, ದಾರದಲ್ಲಿ ಪೋಣಿಸಿ ಉಳಿದವುಗಳ ನಡುವೆ ಕಟ್ಟಿದ. ಆ ತಾಯಿಗೆ ಕನ್ನಡ ಬರುತ್ತದೋ ಇಲ್ಲವೋ, ನನಗೆ ಬರುವುದು ಅದೊಂದೇ. "ತಾಯಿ, ಇದು ಗೋಡೆ ಹಿಡಿದು ನಡೆದ ಕಾಲು. ಕೈ ಬಿಡದಂಗೆ ನೋಡಿಕೊ" ಎಂದೆ.

ಊರಿಗೆ ಬಂದ ಮೇಲೆ ಎಲ್ಲರಿಗೂ ಪಾರಿವಾಳದ ಮನೆಗಳ ಕಥೆ ಹೇಳಿದೆ. ಫಾತಿಮಾಬಿಗೆ ಮಾತ್ರ ನಿಜ ಹೇಳಿ, ಖಾಲಿ ಡಬ್ಬಿಯನ್ನು ಏನು ಮಾಡಲೆಂದು ಕೇಳಿದೆ. ಕಣ್ಣೊರೆಸಿಕೊಂಡು, "ಸಾಸಿವಿ ಹಾಕ್ರಿ ಅಕ್ಕಾ. ಡಬ್ಬಿ ಅಂದ್ಮ್ಯಾಲೆ ಡಬ್ಬಿ" ಎಂದಳು. ಹಾಕಿದೆ. ಜಾಗ ಸಿಕ್ಕಿತು, ಮನಸ್ಸು ಹಗುರಾಯಿತು, ದೇವರು ದೊಡ್ಡವನು. ಆದರೆ ಒಗ್ಗರಣೆಗೆಂದು ಆ ಡಬ್ಬಿ ತೆಗೆದಾಗಲೆಲ್ಲ, ತೆರೆಯುವ ಮೊದಲು ಒಮ್ಮೆ ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತೇನೆ. ಅಷ್ಟರಲ್ಲಿ ಎಣ್ಣೆ ಹೊಗೆಯಾಡಿರುತ್ತದೆ. ನಮ್ಮ ಮನೆಯ ಸಾರು ಅಂದಿನಿಂದ ಸ್ವಲ್ಪ ಸೀದೇ ಇರುತ್ತದೆ. ಉಪ್ಪು ಒಂದು ಕಾಳು ಹೆಚ್ಚಾದರೆ ತಟ್ಟೆ ಸರಿಸುವ ಮನುಷ್ಯರು ನಮ್ಮನೆಯವರು. ಈ ಸೀದ ಸಾರನ್ನು ಮಾತ್ರ ತಲೆ ತಗ್ಗಿಸಿ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾರೆ.