ಬಿಡ್ತು ಅಂದರೆ ಬಿಡೋ ಜೀಪು

"ಬ್ರೇಕಿಗೆ ಕಾಲೇ ಬೇಡ ಕಣೇ, ಬಾಯಿದ್ದರೆ ಸಾಕು!" ಅಂತ ನಮ್ಮ ಯಜಮಾನರು ಶ್ರೀಕಂಠಯ್ಯ ಹಳೇ ಜೀಪಿನ ಬಾನೆಟ್ ತಟ್ಟಿದರು.

ಬ್ರೇಕು ಕಿತ್ತುಹಾಕಿ, ಹೊಟ್ಟೆಯಡಿ ಕಬ್ಬಿಣದ ಉಗುರು, ಒಳಗೆ ಕನ್ನಡ ಕೇಳೋ ಕಿವಿ ಕೂರಿಸಿದ್ದರು. 'ಹತ್ತು' ಅಂದರೆ ಉಗುರೂರಿ ಗುಡ್ಡ ಹತ್ತುತ್ತೆ, 'ಹಿಡಿ' ಅಂದರೆ ಬಂಡೆ ಕಚ್ಚಿ ನಿಲ್ಲುತ್ತೆ, 'ಬಿಡು' ಅಂದರೆ ಉಗುರು ಸಡಿಲ.

"ಬಿಡು, ಬಿಟ್ಟಿತು, ಬಿಡ್ತು, ಹೇಗಂದರೂ ತಿಳಿಯುತ್ತೆ! ವ್ಯಾಕರಣ ಪೂರ್ತಿ ಕಲಿಸಿದೀನಿ!" ಜಂಬ ನೋಡಬೇಕಿತ್ತು!

ಇಷ್ಟೆಲ್ಲ ನಮ್ಮತ್ತೆಗೋಸ್ಕರ. ಮಧುಗಿರಿ ಕಡೆಯ ನಮ್ಮೂರ ಗುಡ್ಡದ ನೆತ್ತಿಯಲ್ಲೊಂದು ಮುತ್ತುಗದ ಮರ. ಬೇಸಿಗೆ ಬಂತೆಂದರೆ ಕೆಂಪಗೆ ಉರಿಯುತ್ತೆ. "ಒಂದೇ ಸಲ ಅದರಡಿ ಕೂತು ಬರಬೇಕು ಕಣೋ" ಅಂತ ಅತ್ತೆ ಪ್ರತಿ ವರ್ಷ ಹಿತ್ತಲಿಂದಲೇ ನೋಡ್ತಾರೆ. ಮಂಡಿನೋವು ಬಿಡಬೇಕಲ್ಲ! ಈ ವರ್ಷದ ಹೂವೂ ಉದುರತೊಡಗಿತ್ತು.

ಹೊರಟೆವು. ಕುರುಚಲು ಕಾಡು, ಲಂಟಾನ ಪೊದೆ, ಉರುಳುಗಲ್ಲು. ಅರ್ಧ ಗುಡ್ಡದಲ್ಲಿ ಗೋಡೆಯಂಥ ಬಂಡೆ ಎದುರಾಯ್ತು. ಜೀಪು ಉಗುರೂರಿ ಹತ್ತತೊಡಗಿದ್ದೇ ತಡ, ನನ್ನ ಜೀವ ಬಾಯಿಗೆ ಬಂತು.

"ರೀ, ಇವತ್ತು ಸತ್ತೇ ಹೋಗ್ತೀವಿ!"

"ಥೂ! ಅಪಶಕುನದ ಮಾತು! ಬಿಡ್ತು ಅನ್ನೇ!" ಅಂದರು ಅತ್ತೆ.

ಬಿಡ್ತು! ಜೀಪು ಉಗುರು ಬಿಟ್ಟು, ಪೊದೆಗಳನ್ನೆಲ್ಲ ಉಡಿಗೆ ತುಂಬಿಕೊಂಡು, ಹಿಂದಹಿಂದಕ್ಕೆ ಸರ್ರನೆ ಬುಡಕ್ಕೆ ಬಂತು.

"ನಿನ್ನ ಬಾಯಿಗೆ ಬೀಗ ಹಾಕ್ಬೇಕು!" ಅಂದರು ಇವರು.

"ನನ್ನದಕ್ಕಾ? ಬಿಡ್ತು ಅಂದಿದ್ದು ನಿಮ್ಮಮ್ಮ!"

ಮತ್ತೆ ಹತ್ತಿದೆವು. ಅದೇ ಬಂಡೆ ಹತ್ತಿರ ಇವರೇ "ಈ ಸಲ ಜಾರಿದರೆ ಕೈಕಾಲು ಮುರಿಯೋದೇ" ಅಂದುಬಿಟ್ಟರು.

"ಬಿಡ್ತು ಅನ್ನೋ!"

ಮತ್ತೆ ಬುಡ!

ಆಮೇಲೆ ಮೂವರೂ ಬಾಯಿಗೆ ಸೆರಗು, ಟವೆಲು ತುರುಕಿಕೊಂಡು ಕೂತೆವು. ಇವರು 'ಹತ್ತು' ಅನ್ನೋಕಷ್ಟೇ ಟವೆಲು ತೆಗೀತಿದ್ದರು. ಕೊನೆಗೂ ನೆತ್ತಿ ಸಿಕ್ಕಿತು! 'ಹಿಡಿ' ಅಂತ ಜೀಪು ನಿಲ್ಲಿಸಿ ಇಳಿದೆವು. ಅತ್ತೆ ಮರದಡಿ ಕಾಲು ಚಾಚಿ, ಮಡಿಲ ತುಂಬ ಹೂವು ಸುರಿದುಕೊಂಡು ಕೂತರು. ಅವರ ಮುಖ ನೋಡಿ ನನಗೂ ಕಣ್ಣು ತುಂಬಿತು.

"ಇನ್ನು ನಾನು ಸತ್ತರೂ ಚಿಂತೆಯಿಲ್ಲ ಕಣೋ!"

ಇವರು ಹೌಹಾರಿ, "ಅಮ್ಮಾ! ಬಿಡ್ತು ಅನ್ನು!"

ಜೀಪು ವಿಧೇಯವಾಗಿ ಬಿಟ್ಟಿತು. ಒಂದೇ ಓಟ! ಗುಡ್ಡ ಇಳಿದು, ನಮ್ಮ ಹಿತ್ತಲ ಬೇಲಿ ಮುರಿದು, ತೊಂಡೆ ಚಪ್ಪರದಡಿ ಹೋಗಿ ನಿಂತದ್ದು ಮೇಲಿಂದಲೇ ಕಾಣ್ತಿತ್ತು. ಇವರು 'ಹತ್ತು, ಹತ್ತು' ಅಂತ ಗಂಟಲು ಹರಕೊಂಡರೂ ಅದಕ್ಕೆ ಕೇಳಿಸಬೇಕಲ್ಲ!

"ಅವಸರ ಏನು? ಕೂತ್ಕೊಳ್ಳಿ" ಅಂದರು ಅತ್ತೆ.

ಸಂಜೆ ಇವರೇ ಅಮ್ಮನನ್ನು ಬೆನ್ನ ಮೇಲೆ ಹೊತ್ತು ಇಳಿದರು. ದಾರಿಯುದ್ದಕ್ಕೂ ಅತ್ತೆ ಅದೆಷ್ಟು ಸಲ 'ಬಿಡ್ತು' ಅಂದರೋ, ಈ ಗಾಡಿ ಮಾತ್ರ ಬಿಡಲಿಲ್ಲ.