ಮೂಕಯ್ಯನ ಕೂಗು

ಎಲ್ಲಾ ರಾದ್ಧಾಂತ ಶುರುವಾದದ್ದು ಒಂದು ಪ್ಲಾಸ್ಟಿಕ್ ಕುರ್ಚಿಯಿಂದ. ತಮಿಳು ಸೀಮೆಯ ಓಡೈಪಟ್ಟಿಯ ಕಬಡ್ಡಿ ಸಂಘ ಸೋಲುತ್ತಿದ್ದ ಕಾಲದಲ್ಲಿ ಅಂಕಣದ ಪಕ್ಕದ ಆ ಕುರ್ಚಿ ದ್ರಾಕ್ಷಿ ತೋಟದ ಮೂಕಯ್ಯನದೇ. ಬೇರೆ ಯಾರೂ ಪಂದ್ಯಕ್ಕೆ ಬರುತ್ತಿರಲಿಲ್ಲ, ಪೈಪೋಟಿ ಎಲ್ಲಿಂದ ಬರಬೇಕು? ಹೆಸರು ಮೂಕಯ್ಯ, ಗಂಟಲೋ ಮಾರಮ್ಮನ ತಮಟೆ. ಅಲ್ಲಿ ಕೂತು ಊರ ಹುಡುಗರಿಗೆ ಮನೆಮಾತು ಕನ್ನಡದಲ್ಲಿ ಆಟದ ಗುಟ್ಟುಗಳನ್ನು ಕೂಗಿ ಹೇಳುತ್ತಿದ್ದ. ಎದುರಾಳಿ ತಮಿಳರಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಆದರೂ ತಂಡ ಸೋಲುತ್ತಿತ್ತು, ಅದು ಬೇರೆ ಮಾತು.

ಈಗ ಸಂಘ ಸತತ ಮೂರು ವರ್ಷ ಕಪ್ ಗೆದ್ದಿದೆ. ಗೆದ್ದದ್ದೇ ತಡ, ಪಂದ್ಯದ ದಿನ ಬಾಗಿಲು ಹಾಕಿಕೊಂಡು ಮಲಗುತ್ತಿದ್ದವರೆಲ್ಲ ಹುಟ್ಟಾ ಅಭಿಮಾನಿಗಳಾದರು. ಈ ವರ್ಷ ಸಂಘದವರು ಊರ ಹುಡುಗರನ್ನು ಕೈಬಿಟ್ಟು ಮದುರೈಯಿಂದ ಆಟಗಾರರನ್ನು ಕರೆಸಿದರು. ಫೈನಲ್ ದಿನ ಮೂಕಯ್ಯ ಮಡಿ ಪಂಚೆ ಉಟ್ಟು ಬಂದರೆ, ಅವನ ಕುರ್ಚಿಯಲ್ಲಿ ಫ್ಲೆಕ್ಸ್ ಅಂಗಡಿಯವನು ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಮಾಮಾ, ಪಾಸ್ ಐತಾ?" ಕೇಳಿದ ಸಂಘದ ಕಾರ್ಯದರ್ಶಿ ತಂಗರಾಜ್.

"ಏನು ಪಾಸೋ? ನೀನು ಚಡ್ಡಿ ಹಾಕ್ದೆ ಓಡಾಡ್ವಾಗಿಂದ ನಾನಿಲ್ಲಿ ಕೂಗ್ತಾ ಇವ್ನಿ!"

"ಅದು ಆವಾಗ. ಈಗ ನಾವು ಚಾಂಪಿಯನ್ನು."

"ಹೋಗ್ಲಿ ಬುಡಣ್ಣಾ, ಮನೇಲಿ ಟೀವಿ ನೋಡು," ಎಂದು ನೆರೆಮನೆಯ ವೀರಮ್ಮಾಳ್ ಸಮಾಧಾನ ಹೇಳಿದಳು. ಆಕೆಯ ಕೊರಳಲ್ಲೂ ಪಾಸು ನೇತಾಡುತ್ತಿತ್ತು. ಮೂಕಯ್ಯನಿಗೆ ಅಳುವೇ ಬಂತು.

ಆಚೆ ಬದಿಯಲ್ಲಿ, ಮೊದಲ ಸಲ ಫೈನಲ್ ಕಂಡ ಗೂಡಲೂರು ತಂಡದ ಕಡೆ ಜನವೇ ಇರಲಿಲ್ಲ. "ಬನ್ನಿ ದೊಡ್ಡಪ್ಪ, ಇಲ್ಲಿ ಎಲ್ಲಾ ಕುರ್ಚೀನೂ ಖಾಲಿ," ಎಂದು ಆ ತಂಡದ ಯಜಮಾನ ಕಂದಸಾಮಿ ಅಚ್ಚ ಮನೆಮಾತಿನಲ್ಲೇ ಕರೆದ. ಕುರ್ಚಿ ಸಿಕ್ಕ ಖುಷಿಯಲ್ಲಿ ಮೂಕಯ್ಯನಿಗೆ ಅದು ಯಾವ ಭಾಷೆಯೆಂದು ಹೊಳೆಯಲೇ ಇಲ್ಲ.

ಕೂತದ್ದು ಎಲ್ಲೇ ಆದರೂ ಕೂಗು ಓಡೈಪಟ್ಟಿಗೇ.

"ಎಡಗಡೆ ಮೂಲೆ ಸಡಿಲ ಐತೆ, ಅತ್ಲಾಗೆ ನುಗ್ಗೋ!"

ಮದುರೈ ಹುಡುಗ ಇದೇನು ಬೈಗುಳವೋ ಎಂದು ಪಿಳಿಪಿಳಿ ನೋಡಿದ. ಗೂಡಲೂರಿನ ಹುಡುಗರು ಮಾತ್ರ ತಟ್ಟನೆ ಎಡಮೂಲೆಗೆ ಸರಿದು, ಬಂದವನನ್ನು ಮೂಟೆಯಂತೆ ಕೆಡವಿದರು.

"ಅಯ್ಯೋ, ನಿಂಗೆ ಬಲಗಾಲು ವೀಕು, ಜೋಪಾನ ಕಣೋ!"

ಮುಂದಿನವನ ಬಲಗಾಲಿಗೇ ಮೂವರು ಬಿದ್ದರು. ಮೂಕಯ್ಯ ಜೋರಾಗಿ ಕೂಗಿದಷ್ಟೂ ಓಡೈಪಟ್ಟಿ ಜೋರಾಗಿ ಸೋಲತೊಡಗಿತು.

ತಂಗರಾಜ್ ಓಡಿಬಂದ. "ಬಾಯ್ಮುಚ್ಚು ಮಾಮಾ! ನಮ್ಮೋರಿಗೆ ಒಂದೂ ತಿಳೀತಿಲ್ಲ, ಅವ್ರಿಗೆ ಎಲ್ಲಾ ತಿಳೀತೈತೆ!"

ಅಷ್ಟರಲ್ಲಿ ಕೊನೆಯ ಸೀಟಿ ಊದಿಯಾಗಿತ್ತು. ಗೂಡಲೂರಿನವರು ಹಾರ ಹಾಕಿ ಮೂಕಯ್ಯನನ್ನು ಹೆಗಲ ಮೇಲೆ ಎತ್ತಿದರು. ಇಡೀ ಓಡೈಪಟ್ಟಿ ಹಲ್ಲು ಕಡಿಯುತ್ತಾ ನೋಡಿತು. ಅವನಿಗೆ ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ ಖುಷಿಯೂ ಆಯಿತು: ಇಷ್ಟು ವರ್ಷ ಕೂಗಿದ್ದಕ್ಕೆ ಮೊದಲ ಸಲ ಯಾರೋ ಅವನ ಮಾತು ಕೇಳಿ ಗೆದ್ದಿದ್ದರು.

"ಕಂದಸಾಮಿ, ಮುಂದಿನ ವರ್ಷಾನೂ ಕುರ್ಚಿ ಇರ್ತದಲ್ಲಾ?" ಹೆಗಲ ಮೇಲಿಂದಲೇ ಕೇಳಿದ.

"ಬನ್ನಿ ದೊಡ್ಡಪ್ಪ, ಧಾರಾಳವಾಗಿ ಕೂತ್ಕೊಳಿ. ಕೂಗೋ ಕಷ್ಟ ಮಾತ್ರ ಬ್ಯಾಡ. ಕಪ್ ಗೆದ್ದೋರು ಇನ್ನೂ ಊರ ಹುಡುಗ್ರನ್ನೇ ಆಡ್ಸುದ್ರೆ ಮರ್ಯಾದೆನಾ? ಆ ಮದುರೈ ಹುಡುಗ್ರನ್ನ ನಮ್ ಕಡೆ ಆಡಾಕೆ ಈಗ್ಲೇ ಒಪ್ಪಿಸ್ಬುಟ್ಟೆ."

ಮೂಕಯ್ಯ ಮೆಲ್ಲಗೆ ಕೆಳಗಿಳಿದು ಪಂಚೆ ಕೊಡವಿಕೊಂಡ.

"ಆಂಡಿಪಟ್ಟಿ ತಂಡದೋರು ಈ ಸಲಾನೂ ಸೋತ್ರಾ?"

"ಮೊದಲ್ನೇ ಸುತ್ತಿಗೇ."

"ಒಳ್ಳೇದಾಯ್ತು," ಎಂದು ಮೂಕಯ್ಯ ನೆಮ್ಮದಿಯಿಂದ ಆಂಡಿಪಟ್ಟಿ ಬಸ್ಸಿನ ಹೊತ್ತು ವಿಚಾರಿಸಿದ.